ಗೌರಕ್ಕನ ಕೊಡ ಮತ್ತು ನಮ್ಮ ಮನೆಯ ಕ್ಯಾಮೆರಾ

ಯಂತ್ರಗಳೆಂದರೆ ನನಗೆ ಭಯವಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ. ಭಯವಿರುವವರು ಯಂತ್ರ ಕೆಟ್ಟ ಕೂಡಲೇ ಬಲ್ಲವರನ್ನು ಕರೆಯುತ್ತಾರೆ. ನನ್ನಂಥವರು ಕನ್ನಡಕ ಒರೆಸಿಕೊಂಡು ಅದರ ಮುಂದೆ ಕೂರುತ್ತಾರೆ. ಪತ್ರಿಕೆಯೊಂದರ ಜಿಲ್ಲಾ ಪುಟವನ್ನು ಮೂವತ್ತು ವರ್ಷ ತಿದ್ದಿದವನು ನಾನು. ತೊರವಿಯಲ್ಲಿ ಎಮ್ಮೆ ಕಳೆದ ಸುದ್ದಿ ಬಂದರೂ ಎಮ್ಮೆಯ ಬಣ್ಣ ಯಾವುದೆಂದು ಕೇಳುತ್ತಿದ್ದೆ. ವರದಿಗಾರ ಬೇಸತ್ತು, ‘ಎಮ್ಮಿ ಕರ್ರಗೇ ಇರ್ತೈತಲ್ರಿ ಸರ’ ಎಂದರೆ, ‘ನೀ ಕಣ್ಣಾರೆ ನೋಡೀಯೇನು?’ ಎನ್ನುತ್ತಿದ್ದೆ. ನಿವೃತ್ತನಾದ ಮೇಲೆ ಅಥಣಿ ರಸ್ತೆಯ ನಮ್ಮ ಬಡಾವಣೆಯ ಮನೆಗೆ ಸಿಸಿ ಕ್ಯಾಮೆರಾ ಹಾಕಿಸಿದ್ದು ಕಳ್ಳರ ಭಯಕ್ಕಲ್ಲ. ನಮ್ಮಲ್ಲಿ ಇರುವ ಆಸ್ತಿ ಎಂದರೆ ಹಳೆಯ ಪತ್ರಿಕೆಗಳ ಕಟ್ಟು. ಅವನ್ನು ಯಾರಾದರೂ ಒಯ್ಯಲು ಬಂದರೆ ನನ್ನ ಹೆಂಡತಿ ಮಹಾದೇವಿ ಚಹಾ ಕೊಟ್ಟು, ಆಟೋವನ್ನೂ ಕರೆದುಕೊಟ್ಟಾಳು. ಊಹೆ ಮಾಡದ, ಬಣ್ಣ ಕಟ್ಟದ, ರಜೆ ಕೇಳದ ವರದಿಗಾರನೊಬ್ಬ ಕೊನೆಗೂ ಸಿಕ್ಕನಲ್ಲ ಎಂಬ ಸಂತೋಷಕ್ಕೆ ಹಾಕಿಸಿದೆ.

ಕ್ಯಾಮೆರಾದ ಕಣ್ಣಿಗೆ ನಮ್ಮ ಗೇಟು, ಮುಂದಿನ ಕಟ್ಟೆ, ಕಟ್ಟೆಗೆ ಹೊಂದಿಕೊಂಡ ಗಿಡ್ಡ ಗೋಡೆ ಎಲ್ಲವೂ ಬೀಳುತ್ತವೆ. ಗೋಡೆಯ ಆಚೆ ಗೌರಕ್ಕನ ಮನೆ. ಆ ಭಾನುವಾರ ನಾವು ಬಬಲೇಶ್ವರದಲ್ಲಿ ನನ್ನ ನಾದಿನಿಯ ಹೊಸ ಮನೆಯ ವಾಸ್ತುಶಾಂತಿಗೆ ಹೋಗಿ, ಹೋಳಿಗೆ ಉಂಡು, ಸಂಜೆ ಆರಕ್ಕೆ ಮರಳಿದರೆ ಗೌರಕ್ಕ ಗೇಟಿನಲ್ಲೇ ನಿಂತಿದ್ದರು. ಅವರ ತಾಮ್ರದ ಕೊಡ ಕಾಣೆಯಾಗಿತ್ತು. ಅದು ಅವರ ಮದುವೆಯಲ್ಲಿ ತಿಕೋಟಾದ ತವರಿನವರು ಕೊಟ್ಟ ಕೊಡ. ಹುಣಸೆಹಣ್ಣು ಹಚ್ಚಿ ತಿಕ್ಕಿಸಿ, ಬಿಸಿಲಿಗೆಂದು ಗೋಡೆಯ ಮೇಲೆ ಬೋರಲು ಹಾಕಿದ್ದರಂತೆ. ತಿಕ್ಕಿದವಳು ಕಾಶಿಬಾಯಿ. ನಮ್ಮ ಮನೆ, ಗೌರಕ್ಕನ ಮನೆ, ಇನ್ನೆರಡು ಮನೆ, ಹೀಗೆ ನಾಲ್ಕು ಕಡೆ ಪಾತ್ರೆ ತಿಕ್ಕುವ ಹೆಂಗಸು ಆಕೆ. ಕೊಡ ಮುಟ್ಟಿದ ಕೊನೆಯ ಕೈ ಆಕೆಯದು ಎಂಬ ಒಂದೇ ಕಾರಣಕ್ಕೆ ಸೋಮವಾರ ಬೆಳಗಾಗುವಷ್ಟರಲ್ಲಿ ಮೂರು ಮನೆಯವರು ಆಕೆಗೆ ‘ನಾಳಿಂದ ಬರಬ್ಯಾಡ’ ಎಂದುಬಿಟ್ಟಿದ್ದರು.

ಕಾಶಿಬಾಯಿ ನಮ್ಮ ಕಟ್ಟೆಯ ಮೇಲೆ ಬಂದು ಕೂತಳು. ಅಳಲಿಲ್ಲ. ‘ಹದಿನಾಕು ವರ್ಷ ಆತ್ರಿ ಸಾಹೇಬ್ರ ಈ ಓಣ್ಯಾಗ. ಒಂದು ಚಮಚ ಮುಟ್ಟಿಲ್ಲ. ಅಷ್ಟು ದೊಡ್ಡ ಕೊಡ ಸೆರಗಿನಾಗ ಮುಚ್ಚಿ ಒಯ್ದಾಳ ಅಂತಾರ. ಅದೇನು ಲಿಂಬಿಹಣ್ಣೇನ್ರಿ?’ ಎಂದಳು.

ನಾನು ಬಹಳ ಧೈರ್ಯದಿಂದ, ‘ಚಿಂತಿ ಮಾಡಬ್ಯಾಡ ಕಾಶಿಬಾಯಿ. ಕ್ಯಾಮೆರಾ ಐತಿ. ಸಂಜೀಕ ನಿನ್ನ ಹೆಸರು ಸ್ವಚ್ಛ ಆಗ್ತೈತಿ’ ಎಂದೆ.

‘ನನ್ನ ಹೆಸರು ಹೊಲಸಾಗಿಲ್ರಿ. ಅವರ ಬಾಯಿ ಆಗೈತಿ’ ಎಂದು ಆಕೆ ಒಳಗೆ ಹೋಗಿ ಪಾತ್ರೆಗೆ ಕೂತಳು.

ನಾವು ಊರಿಗೆ ಹೊರಡುವಾಗ ಕೊಡ ಗೋಡೆಯ ಮೇಲೇ ಇತ್ತೆಂದು ಗೌರಕ್ಕ ಪ್ರಮಾಣ ಮಾಡಿ ಹೇಳಿದ್ದರು. ನಾವು ಹೊರಟದ್ದು ಒಂಬತ್ತೂಮುಕ್ಕಾಲಿಗೆ. ಆದ್ದರಿಂದ ಅಲ್ಲಿಂದ ಸಂಜೆ ಆರರವರೆಗಿನ ದಾಖಲೆಯನ್ನು ತೆರೆದೆ. ಏನೂ ಇಲ್ಲ. ಕಪ್ಪು. ಆರರ ನಂತರ ಮಾತ್ರ ಎಲ್ಲವೂ ಇದೆ: ಗೌರಕ್ಕ ಕೈ ತಿರುವುತ್ತಿರುವುದು, ನಾನು ಗಂಭೀರವಾಗಿ ತಲೆಯಾಡಿಸುತ್ತಿರುವುದು. ವಿಷಯ ತಿಳಿದ ಗೌರಕ್ಕ ಗೋಡೆಯಾಚೆಯಿಂದ, ‘ಅಣ್ಣಾರ, ನಿಮ್ಮ ಕ್ಯಾಮೆರಾ ಆಕೀನ್ನ ಉಳಸಾಕಂತ ಮಕ್ಕೊಂಡಿತ್ತೇನ್ರಿ?’ ಎಂದರು. ಅಲ್ಲಿಗೆ ಕಾಶಿಬಾಯಿಯ ಪರವಾಗಿ ಸಾಕ್ಷಿ ಹೇಳಬೇಕಾದ ಯಂತ್ರ ಆಕೆಯ ವಿರುದ್ಧವೇ ಸಾಕ್ಷಿಯಾಯಿತು. ನಾನೇ ಅಳಿಸಿದ್ದೇನೆಂದು ಓಣಿಯಲ್ಲಿ ಇಬ್ಬರು ಆಡಿಕೊಂಡರೆಂದು ಮಹಾದೇವಿ ವರದಿ ಮಾಡಿದಳು.

ಕ್ಯಾಮೆರಾ ಹಾಕಿಕೊಟ್ಟಿದ್ದ ಇರ್ಫಾನನಿಗೆ ಫೋನ್ ಮಾಡಿದೆ. ‘ಕರೆಂಟ್ ಹೋಗಿತ್ತೇನ್ರಿ ಸರ?’ ಎಂಬುದು ಅವನ ಮೊದಲ ಪ್ರಶ್ನೆ. ಇದನ್ನು ನಾನು ನಿರೀಕ್ಷಿಸಿದ್ದೆ. ಅಂದು ದಿನವಿಡೀ ಬಡಾವಣೆಯಲ್ಲಿ ಕರೆಂಟ್ ಇತ್ತೆಂದು ಹಿಟ್ಟಿನ ಗಿರಣಿಯವನಿಂದಲೂ ಎದುರುಮನೆಯವರಿಂದಲೂ ಬೇರೆಬೇರೆಯಾಗಿ ಖಚಿತಪಡಿಸಿಕೊಂಡಿದ್ದೆ. ಎರಡು ಮೂಲಗಳು. ‘ಹೋಗಿರಲಿಲ್ಲ. ಮುಂದಿನ ಪ್ರಶ್ನೆ’ ಎಂದೆ. ಹಾಗಾದರೆ ಸೆಟ್ಟಿಂಗಿನಲ್ಲಿ ಏನೋ ತಪ್ಪಿದೆ, ಏನಾದರೂ ಅಲುಗಾಡಿದರೆ ಮಾತ್ರ ರೆಕಾರ್ಡ್ ಮಾಡು ಎಂದು ಇಟ್ಟಿದೆ, ಅದರ ಚುರುಕು ಸಾಲದು, ಹೆಚ್ಚಿಸಿರಿ ಎಂದ.

ಹೆಚ್ಚಿಸಿದೆ. ಮಂಗಳವಾರ ಮುಂಜಾನೆ ನೋಡಿದರೆ ಬೇವಿನ ಗಿಡದ ಒಂದೊಂದು ಎಲೆಯೂ ಪ್ರತ್ಯೇಕವಾಗಿ ದಾಖಲಾಗಿತ್ತು. ಇಳಿಸಿದೆ. ಹಾಲಿನವನು ಬಂದು, ಕೂಗಿ, ಬೈದು ಹೋದರೂ ಅದು ಕಣ್ಣು ತೆರೆಯಲಿಲ್ಲ. ನಡುವೆ ಎಲ್ಲೋ ಸತ್ಯವಿದೆ ಎಂದು ಮಹಾದೇವಿಯನ್ನು ಗೇಟಿನಿಂದ ಕಟ್ಟೆಯವರೆಗೆ ನಡೆಸಿದೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ಕಳ್ಳಹೆಜ್ಜೆಯಲ್ಲಿ. ಮೂರನೆಯ ಸುತ್ತಿನಲ್ಲಿ ಆಕೆ ನಿಂತು, ‘ಏನ್ರೀ, ಮದುವಿ ಆಗುಮುಂದ ನಿಮ್ಮವ್ವ ಸೈತ ನನ್ನ ಇಷ್ಟು ನಡಿಸಿ ನೋಡಿರಲಿಲ್ಲ’ ಎಂದು ಒಳಗೆ ಹೋದಳು. ಕೊನೆಗೆ ಅಲುಗಾಟದ ತಂಟೆಯೇ ಬೇಡವೆಂದು, ಇಪ್ಪತ್ತನಾಲ್ಕು ಗಂಟೆಯೂ ಸತತವಾಗಿ ರೆಕಾರ್ಡ್ ಮಾಡುವಂತೆ ಇಟ್ಟೆ. ವಾರದ ಏಳೂ ದಿನದ ಪಟ್ಟಿ ಪರದೆಯ ಮೇಲೆ ಹಸಿರಾಯಿತು. ಈಗ ತಪ್ಪು ನುಸುಳಲು ಜಾಗವೇ ಇಲ್ಲ ಎಂದು ಎದೆಯುಬ್ಬಿಸಿ, ಬುಧವಾರ ಒಣದ್ರಾಕ್ಷಿ ತರಲು ಗಂಡಹೆಂಡತಿ ತಿಕೋಟಾಕ್ಕೆ ಹೋಗಿ ಬಂದೆವು. ಬಂದು ನೋಡಿದರೆ ಹೋದ ಗಳಿಗೆಯಿಂದ ಬಂದ ಗಳಿಗೆಯವರೆಗೆ ಮತ್ತೆ ಕಪ್ಪು.

ಇನ್ನೊಬ್ಬನಾಗಿದ್ದರೆ ಕೈಚೆಲ್ಲುತ್ತಿದ್ದ. ನಾನು ಹಾಳೆ ತೆಗೆದುಕೊಂಡು ಆ ವಾರದ ಮತ್ತು ಹಿಂದಿನ ವಾರದ ಖಾಲಿ ಹೊತ್ತುಗಳನ್ನೆಲ್ಲ ಬರೆದೆ. ಅವುಗಳ ಎದುರಿಗೆ ಆ ಹೊತ್ತಿನಲ್ಲಿ ನಾವೆಲ್ಲಿದ್ದೆವು ಎಂದು ಬರೆದೆ. ಬಬಲೇಶ್ವರ. ತಿಕೋಟಾ. ಭೂತನಾಳ ಕೆರೆಯ ಕಡೆ ಅಡ್ಡಾಡಲು ಹೋದ ಸಂಜೆ. ಪಟ್ಟಿ ಮುಗಿದಾಗ ಸಂಗತಿ ಕಣ್ಣಿಗೆ ಬಿತ್ತು. ನಾವು ಮನೆಯಲ್ಲಿದ್ದು ಮನೆ ಕಾಯುವಾಗ ಕ್ಯಾಮೆರಾ ಕೂಡ ಕಾಯುತ್ತದೆ. ನಾವು ಬೀಗ ಹಾಕಿದ ಕೂಡಲೇ ಕಣ್ಣು ಮುಚ್ಚುತ್ತದೆ. ಇದರಿಂದ ನಾನು ತೆಗೆದ ತೀರ್ಮಾನ ಒಂದೇ: ಎಲ್ಲೋ ದೂರದಲ್ಲಿ ಕೂತ ದುಷ್ಟನೊಬ್ಬ ನಾವು ಹೋಗಿಬರುವುದನ್ನು ಗಮನಿಸಿ, ಕ್ಯಾಮೆರಾವನ್ನು ಆರಿಸುತ್ತಿದ್ದಾನೆ. ಇದನ್ನು ಇರ್ಫಾನನಿಗೆ ತಿಳಿಸಿದಾಗ ಅವನು, ‘ನಾನೇ ಬರ್ತೀನಿ ಸರ. ನೀವು ಏನೂ ಒತ್ತಬ್ಯಾಡ್ರಿ’ ಎಂದ.

ಗುರುವಾರ ಮಧ್ಯಾಹ್ನ ಅವನು ಬಂದಾಗ ನಾನು ಬೇಕೆಂದೇ ಗೌರಕ್ಕನನ್ನೂ ಕಾಶಿಬಾಯಿಯನ್ನೂ ಕರೆಸಿ ಟೀವಿಯ ಮುಂದೆ ಕೂರಿಸಿದೆ. ಏನೇ ಹೊರಬಿದ್ದರೂ ಎರಡೂ ಪಕ್ಷದವರ ಎದುರೇ ಹೊರಬೀಳಲಿ ಎಂಬುದು ನನ್ನ ಶಿಸ್ತು. ಇರ್ಫಾನ ನನ್ನ ಪಟ್ಟಿಯನ್ನು ಗೌರವದಿಂದ ಮಡಿಚಿ ಪಕ್ಕಕ್ಕಿಟ್ಟ. ‘ಖಾಲಿ ಇದ್ದದ್ದು ಎಷ್ಟು ನೋಡಿದ್ರೂ ಖಾಲೀನ ಸರ. ಬಂದ್ ಆಗೂಕಿಂತ ಮೊದಲ ಕಡೀಗಿ ಏನು ಕಂಡೈತಿ, ಅದನ್ನ ನೋಡೂಣು’ ಎಂದು ಭಾನುವಾರದ ಒಂಬತ್ತೂವರೆಗೆ ಹೋದ.

ಪರದೆಯ ಮೇಲೆ ನಮ್ಮ ಕಟ್ಟೆ. ಅದರ ಮೇಲೆ ಬಬಲೇಶ್ವರಕ್ಕೆ ಒಯ್ಯಬೇಕಾದ ಸೀರೆಯ ಚೀಲ, ಸಜ್ಜಕದ ರವೆಯ ಡಬ್ಬಿ, ಹೂವಿನ ಬುಟ್ಟಿ. ಪಕ್ಕದ ಗೋಡೆಯ ಮೇಲೆ ಬಿಸಿಲಿಗೆ ಹೊಳೆಯುವ ಕೊಡ. ‘ಅಕಾ ನೋಡ್ರಿ, ನನ್ನ ಕೊಡ!’ ಎಂದು ಗೌರಕ್ಕ ಎದ್ದು ನಿಂತರು. ಒಳಗಿನಿಂದ ಒಬ್ಬ ಮನುಷ್ಯ ಬಂದ. ಬಿಳಿ ಅಂಗಿ, ಮೂಗಿನ ತುದಿಗೆ ಕನ್ನಡಕ. ಚೀಲ ಒಯ್ದು ಕಾರಿನ ಡಿಕ್ಕಿಗೆ ಹಾಕಿದ. ಡಬ್ಬಿ ಹಾಕಿದ. ಬುಟ್ಟಿ ಹಾಕಿದ. ನಡುವಿಗೆ ಕೈಯಿಟ್ಟು, ಏನಾದರೂ ಉಳಿಯಿತೇ ಎಂದು ಸುತ್ತ ನೋಡಿದ. ಕೊಡ ಕಂಡಿತು. ಎರಡೂ ಕೈಯಿಂದ ಹುಷಾರಾಗಿ ಎತ್ತಿ, ಕರವಸ್ತ್ರದಿಂದ ಧೂಳು ಒರೆಸಿ, ಡಿಕ್ಕಿಯಲ್ಲಿ ಇಟ್ಟು, ಮುಚ್ಚಿ, ಮನೆಯೊಳಗೆ ಹೋದ. ಮರುಕ್ಷಣ ಪರದೆ ಕಪ್ಪಾಯಿತು.

ಇರ್ಫಾನ ಬಹಳ ಮೆತ್ತಗೆ, ‘ಸರ, ಒಳಗ ಹೋಗಿ ಏನರ ಬಂದ್ ಮಾಡಿದ್ರೇನು?’ ಎಂದು ಕೇಳಿದ.

ನನ್ನ ಬದಲು ಮಹಾದೇವಿ ಹೇಳಿದಳು: ‘ಮೇನ್ ಸ್ವಿಚ್. ಊರಿಗಿ ಹೊಂಟ್ರ ಮೊದಲ ಅದನ್ನ ಬಂದ್ ಮಾಡೂದು. ಫ್ರಿಜ್ಜಿನಾಗಿನ ಹಾಲು ಒಡೀತಾವ ಅಂತ ಎಷ್ಟು ಬಡಕೊಂಡೀನಿ, ಕೇಳೂದಿಲ್ಲ.’

ನಿಜ. ‘ಶಾರ್ಟ್ ಸರ್ಕ್ಯೂಟ್ ಕಾರಣವೆಂದು ಶಂಕಿಸಲಾಗಿದೆ’ ಎಂಬ ಸಾಲನ್ನು ವೃತ್ತಿಯಲ್ಲಿ ಅದೆಷ್ಟು ಬಾರಿ ತಿದ್ದಿದ್ದೇನೋ. ಹಾಗಾಗಿ ಬೀಗ ಹಾಕುವ ಮುನ್ನ ಮೇನ್ ಆರಿಸುವುದು ನನಗೆ ಚಪ್ಪಲಿ ಮೆಟ್ಟಿದಷ್ಟು ಸಹಜ. ಆರಿಸಿದ್ದು ನೆನಪೂ ಉಳಿಯುವುದಿಲ್ಲ. ದೂರದಲ್ಲಿ ಕೂತಿದ್ದ ದುಷ್ಟ ಇಷ್ಟು ಹತ್ತಿರದವನೆಂದು ಯಾರು ತಿಳಿದಿದ್ದರು?

ನಾದಿನಿಗೆ ಫೋನ್ ಹಚ್ಚಿದೆ. ‘ಹೌದ್ರಿ ಮಾವಾರ, ಡಿಕ್ಕ್ಯಾಗಿಂದ ಎಲ್ಲಾ ಇಳಿಸ್ಕೊಂಡಾಗ ಕೊಡಾನೂ ಬಂತು. ಈಗ ಅದರಾಗ ಕುಡಿಯೂ ನೀರ ತುಂಬೀವಿ. ಹೊಸಾ ಮನಿಗಿ ಹಳೇ ಕೊಡ ಕೊಟ್ಟಾರಲ್ಲ ಅಂತ ನಮ್ಮತ್ತಿ ಅಂದ್ರು. ನಾನ, ಹೋಗ್ಲಿ ಬಿಡ್ರಿ, ಪೆನ್ಷನ್ ಮ್ಯಾಲಿದ್ದಾರ ಅಂದೆ’ ಎಂದಳು. ಸ್ಪೀಕರ್ ಹಾಕಿದ್ದೆ. ಪಾರದರ್ಶಕತೆಗೆಂದು ಹಾಕಿದ್ದು.

ಗೌರಕ್ಕ ಕಾಶಿಬಾಯಿಯ ಕೈ ಹಿಡಿದು, ‘ಬಾಯಿ ತಪ್ಪಿತು ಕಾಶೀ’ ಎಂದರು. ‘ಆತು ಬಿಡ್ರಿ. ಚಾ ಇಡ್ರಿ ಮೊದಲ’ ಎಂದಳು ಆಕೆ. ನನ್ನನ್ನು ಮಾತ್ರ ಅಷ್ಟು ಅಗ್ಗಕ್ಕೆ ಬಿಡಲಿಲ್ಲ. ಉಳಿದೆರಡು ಮನೆಯವರಿಗೆ ಫೋನಿನಲ್ಲಿ ತಿಳಿಸುತ್ತೇನೆ ಎಂದರೆ, ‘ಫೋನಿನಾಗ ಬ್ಯಾಡ್ರಿ. ಮಂದಿ ಮುಂದ ಅಂದಾರ, ಮಂದಿ ಮುಂದನ ಹೇಳ್ರಿ’ ಎಂದಳು. ಶುಕ್ರವಾರ ಬಬಲೇಶ್ವರದಿಂದ ಕೊಡ ತಂದು, ಅದನ್ನು ಹಿಡಿದುಕೊಂಡೇ ಎರಡೂ ಬಾಗಿಲಿಗೆ ಹೋದೆ. ಒಂದು ಮನೆಗೆ ಕಾಶಿಬಾಯಿ ಮತ್ತೆ ಕೆಲಸಕ್ಕೆ ಹೋದಳು. ಇನ್ನೊಂದಕ್ಕೆ, ಕರೆದರೂ ಹೋಗಲಿಲ್ಲ.

ಇರ್ಫಾನ ಕ್ಯಾಮೆರಾಕ್ಕೆ ಒಂದು ಬ್ಯಾಟರಿ ಕೂಡಿಸಿ, ಮೇನ್ ಸ್ವಿಚ್ಚಿನ ಮೇಲೆ ಕೆಂಪು ಪಟ್ಟಿ ಅಂಟಿಸಿ ಹೋಗಿದ್ದಾನೆ. ಜಾಗ ತುಂಬಿದ ಮೇಲೆ ಯಂತ್ರ ಹಳೆಯ ಚಿತ್ರಗಳನ್ನು ಅಳಿಸಿ ಅವುಗಳ ಮೇಲೆ ಹೊಸದನ್ನು ಬರೆಯುತ್ತದೆ, ಹದಿನೈದು ದಿನಕ್ಕೆ ಆ ಭಾನುವಾರ ತಾನಾಗಿಯೇ ಮಾಯವಾಗುತ್ತದೆ ಎಂದು ಅವನು ಹೇಳಿದಾಗ ನನಗೆ ಬಂದ ಸಮಾಧಾನ ಅಷ್ಟಿಷ್ಟಲ್ಲ. ದಿನ ಎಣಿಸಿದೆ. ಹದಿನಾರನೆಯ ದಿನ ತೆರೆದು ನೋಡಿದರೆ ನಿಜವಾಗಿಯೂ ಅಳಿಸಿಹೋಗಿತ್ತು. ಕಾಶಿಬಾಯಿಗೂ ಹೇಳಿದೆ. ಆಕೆ ತೊಳೆಯುತ್ತಿದ್ದ ಕೈ ಒರೆಸಿಕೊಂಡು ಮೊಬೈಲ್ ತೆಗೆದಳು. ಇರ್ಫಾನ ಅಂದೇ ಆ ಭಾನುವಾರದ ಚಿತ್ರವನ್ನು ಆಕೆಗೆ ಕಳಿಸಿಕೊಟ್ಟಿದ್ದನಂತೆ. ಹೊಸ ಬಡಾವಣೆಯಲ್ಲಿ ಆಕೆಗೆ ಈಗ ಎರಡು ಹೊಸ ಮನೆ ಸಿಕ್ಕಿವೆ. ನಂಬಿಗಸ್ತಳೇ ಎಂದು ಯಾರಾದರೂ ಕೇಳಿದರೆ ಬಾಯಿಂದ ಏನೂ ಹೇಳುವುದಿಲ್ಲವಂತೆ. ನನ್ನನ್ನು ತೋರಿಸುತ್ತಾಳಂತೆ. ಚಿತ್ರ ಬಹಳ ಸ್ಪಷ್ಟವಾಗಿದೆ. ಕೊಡ ಒರೆಸಿದ ಕರವಸ್ತ್ರದ ಅಂಚು ಕೂಡ ಕಾಣುತ್ತದೆ.