ಲಿವರ್ ಹುಳದ ಬೆನ್ನು ಹತ್ತಿ

ಕೂಡ್ಲಿಗಿಯಿಂದ ಹರಪನಹಳ್ಳಿವರೆಗಿನ ಊರುಗಳಲ್ಲಿ ಪಶುವೈದ್ಯನಾಗಿ ಓಡಾಡುವ ನನಗೆ ಕುರಿಗಳಿಂದ ಯಾವತ್ತೂ ತೊಂದರೆಯಾಗಿಲ್ಲ. ಔಷಧ ಹಾಕಿದರೆ ಸುಮ್ಮನೆ ಕುಡಿಯುತ್ತವೆ. ಮಾತಾಡುವವರು ಅವುಗಳ ಯಜಮಾನರು. ಅದರಲ್ಲೂ ಕೆರೆಯಂಚಿನ ಹುಲ್ಲಿನ ಜೊತೆ ಹೊಟ್ಟೆ ಸೇರಿ ಕುರಿಯ ಲಿವರ್ ತಿನ್ನುವ ಚಪ್ಪಟೆ ಹುಳದ ಮಾತು ಬಂತೆಂದರೆ, ಏನಾದರೊಂದು ಆಗಿಯೇ ತೀರುತ್ತದೆ.

ಹಸಿ ಹಿಕ್ಕೆ

ಕಾನಹೊಸಹಳ್ಳಿ ಕಡೆಯ ಕುರಿಗಾರರೊಬ್ಬರ ಕುರಿ ಸೊರಗಿತ್ತು. ಹುಳದ ತತ್ತಿ ಇದೆಯೇ ನೋಡಬೇಕು, ಹಸಿ ಹಿಕ್ಕೆ ತನ್ನಿ ಎಂದೆ. ಮರುದಿನ ಆಟೋದಲ್ಲಿ ಕುರಿಯನ್ನೇ ತಂದರು.

"ಹಿಕ್ಕಿ ಅಷ್ಟೇ ಸಾಕಿತ್ತಲ್ರೀ?"

"ಹಸೀದು ಬೇಕಂದ್ರಲ್ರಿ. ಇಲ್ಲೇ ಹಾಕಲಿ ಬಿಡ್ರಿ, ಬಿಸಿಬಿಸಿ ಸಿಗತೈತಿ."

ಆಸ್ಪತ್ರೆಯವರೆಲ್ಲ ಕುರಿಯ ಹಿಂಭಾಗ ನೋಡುತ್ತ ಕುಳಿತೆವು. ಸೊಪ್ಪು ಕೊಟ್ಟೆವು, ನೀರು ಕುಡಿಸಿದೆವು, ಬೆನ್ನು ಸವರಿದೆವು. ಕುರಿ ನಮ್ಮನ್ನು ನೋಡಿತು, ಅಷ್ಟೇ. ಕೊನೆಗೆ ಬೇಸತ್ತು ಮತ್ತೆ ಆಟೋ ಹತ್ತಿಸಿದರು. ಗೇಟು ದಾಟುವ ಮೊದಲೇ ಆಟೋ ನಿಂತಿತು. ಡ್ರೈವರ್ ಕೂಗಿದ: "ಡಾಕ್ಟ್ರೇ, ನಿಮ್ ಸ್ಯಾಂಪಲ್ ನನ್ನ ಸೀಟಿನ ಮ್ಯಾಲೈತಿ! ಎಷ್ಟು ಬೇಕಷ್ಟು ಬಳಕೊಂಡು ಹೋಗ್ರಿ!"

ಎರಡು ಗದ್ದ

ಕೊಟ್ಟೂರಿನ ನಿವೃತ್ತ ಮೇಷ್ಟ್ರೊಬ್ಬರು ಹೊಸದಾಗಿ ಕುರಿ ಸಾಕಲು ಹೊರಟು, ಸಂತೆಯಿಂದ ಟಗರು ತಂದು, ನನ್ನನ್ನು ಮನೆಗೆ ಕರೆಸಿದ್ದರು.

"ಎಷ್ಟು ಛಲೋ ಮೇದೈತಿ ನೋಡ್ರಿ. ಗದ್ದದ ಕೆಳಗ ಇನ್ನೊಂದು ಗದ್ದ ಬಂದೈತಿ!"

ಟಗರಿನ ಕಣ್ಣರೆಪ್ಪೆ ಬಿಡಿಸಿ ನೋಡಿದೆ. ಒಳಗೆ ಸುಣ್ಣದ ಬಿಳುಪು. "ಮೇಷ್ಟ್ರೇ, ಅದು ಕೊಬ್ಬಲ್ಲ. ಲಿವರ್ ಹುಳ ರಕ್ತ ಹೀರಿ, ಗದ್ದದ ಕೆಳಗ ನೀರು ತುಂಬೈತಿ."

ಮೇಷ್ಟ್ರ ಕೈ ತಾನಾಗಿ ತಮ್ಮ ಗದ್ದಕ್ಕೆ ಹೋಯಿತು. ಅವರಿಗೂ ಎರಡಿದ್ದವು. "ನಂದೂ ಲಿವರ್ ಹುಳದ್ದ ಇರಬಹುದೇನ್ರಿ?"

ಅವರ ಹೆಂಡತಿ ಅಡುಗೆಮನೆಯಿಂದಲೇ ಅಂದರು: "ನಿಮ್ಮದು ಮಂಡಕ್ಕಿ ಮೆಣಸಿನಕಾಯಿ ತಿಂದು ಬಂದದ್ರಿ. ಔಷಧ ಟಗರಿಗೆ ಹಾಕಿಸ್ರಿ."

ಟಗರಿನ ಗದ್ದ ಇಳಿಯಿತು. ಮೇಷ್ಟ್ರದು ಹಾಗೇ ಇದೆ.

ಬಾತುಕೋಳಿ

ಗುಡೇಕೋಟೆ ಹತ್ತಿರದ ಒಬ್ಬ ಹೆಣ್ಣುಮಗಳು ಈ ರೋಗಕ್ಕೆ ಒಳ್ಳೊಳ್ಳೆ ಕುರಿ ಕಳೆದುಕೊಂಡು ಕಂಗಾಲಾಗಿದ್ದಳು. ಮಳೆಗಾಲದ ಹಿಂದೆ ಮುಂದೆ ಔಷಧ ಕುಡಿಸು, ಕುರಿಗಳನ್ನು ಕೆರೆಯಂಚಿಗೆ ಬಿಡಬೇಡ ಎಂದೆ. ಈ ಹುಳ ನೀರಿನ ಬಸವನಹುಳುವಿನಲ್ಲಿ ಬೆಳೆಯುತ್ತದೆ, ಬಾತುಕೋಳಿ ಸಾಕಿದರೆ ಅವು ಬಸವನಹುಳು ತಿಂದು ಹಾಕುತ್ತವೆ ಎಂದೂ ಸೇರಿಸಿದೆ. ಸೇರಿಸಬಾರದಿತ್ತು.

ಆರು ತಿಂಗಳು ಬಿಟ್ಟು ಹೋದಾಗ ಕೇಳಿದೆ: "ಔಷಧ ಕುಡಿಸಿದೇನವ್ವಾ?"

"ಕುಡಿಸೀನ್ರಿ. ಕುರಿ ಗಟ್ಟಿ ಅದಾವ."

"ಬಾತುಕೋಳಿ?"

"ಆ ಸುದ್ದಿ ತಗೀಬ್ಯಾಡ್ರಿ! ಮರಿ ಇದ್ದಾಗಿಂದ ಕುರಿ ಜೋಡಿನ ಬೆಳದ್ವು. ಮುಂಜಾನೆ ಅವು ಕೆರಿಗೆ ಹೊಂಟ್ರ ಟಗರು ಹಿಂದ ಹೊಂಟ್ತು, ಟಗರಿನ ಹಿಂದ ಹಿಂಡೆಲ್ಲ ಹೊಂಟ್ತು. ಕೆರಿ ಮುಖ ನೋಡದ ಕುರಿನೂ ಹೋಗಿ ಕೆಸರಾಗ ನಿಂತ್ವು!"

"ಮತ್ತ ಈಗ?"

"ಬಾತುಕೋಳಿ ಕೂಡಿ ಹಾಕೀನಿ. ಕುರಿ ಗುಡ್ಡಕ್ಕ ಹೊಡದೀನಿ."

"ಬಸವನಹುಳ?"

ಕೆರೆಯ ಕಡೆ ಕೈ ತೋರಿಸಿದಳು. ಮೊಣಕಾಲುದ್ದ ನೀರಿನಲ್ಲಿ ಅವಳ ಗಂಡ ಬುಟ್ಟಿ ಹಿಡಿದು, ಬಗ್ಗಿ ಬಗ್ಗಿ ಬಸವನಹುಳು ಆರಿಸುತ್ತಿದ್ದ.

"ಆ ಕೆಲಸ ಅವರಿಗೆ ಹಚ್ಚೀನ್ರಿ."

ಗಂಡ ನನ್ನನ್ನು ಕಂಡು ಸೊಂಟ ಹಿಡಿದು ಎದ್ದು ನಿಂತ. "ಡಾಕ್ಟ್ರೇ, ನಿಲ್ರಿ! ಬಾತುಕೋಳಿ ಸಾಕು ಅಂದವ್ರು ನೀವೇ ಅಲ್ಲೇನ್ರಿ?"

"ಅವರು ಬ್ಯಾರೆ ಡಾಕ್ಟ್ರು!" ಎನ್ನುತ್ತ ಬೈಕಿನ ಕಿಕ್ ಒದ್ದೆ.