ನಮ್ಮ ಸರ್ಕಾರ ಬಿತ್ತು

ಒಂದು ಗುಟ್ಟು ಹೇಳುತ್ತೇನೆ, ನಗಬೇಡಿ. ಹುಟ್ಟಿದ್ದು ಮಂಡ್ಯದಲ್ಲಿ, ಸಂಸಾರ ಅಮೆರಿಕದ ಸನ್ನಿವೇಲ್‌ನಲ್ಲಿ. ಆದರೆ ಈ ನಲವತ್ತೇಳು ವರ್ಷಗಳಲ್ಲಿ ನಾನು ಓಟು ಹಾಕಿರುವುದು ಒಂದೇ ಸಲ, ಅದೂ ಇಂಗ್ಲೆಂಡಿನಲ್ಲಿ. ಮಂಡ್ಯದ ಮತದಾರರ ಪಟ್ಟಿಯಲ್ಲಿ ನನ್ನ ಹೆಸರಿನ ಪಕ್ಕ ಯಾರೋ ದಪ್ಪ ಮೀಸೆಯವರ ಫೋಟೋ ಇತ್ತು. ಅದನ್ನು ಸರಿಪಡಿಸುವುದರೊಳಗೆ ವೀಸಾ ಬಂತು. ಅಮೆರಿಕದಲ್ಲಿ ಗ್ರೀನ್ ಕಾರ್ಡಿನವರಿಗೆ ಇರುವುದು ತೆರಿಗೆ ಕಟ್ಟುವ ಹಕ್ಕು ಮಾತ್ರ. ನಡುವೆ ನಾಲ್ಕು ವರ್ಷ ಕೆಲಸಕ್ಕೆಂದು ಇಂಗ್ಲೆಂಡಿನಲ್ಲಿದ್ದಾಗ ಗೊತ್ತಾಯಿತು, ಅಲ್ಲಿ ವಾಸವಿರುವ ನಮ್ಮ ದೇಶದವರೂ ಓಟು ಹಾಕಬಹುದಂತೆ. ಅಷ್ಟು ವರ್ಷ ಆಳಿದ್ದಕ್ಕೆ ಇದು ಅವರ ಪ್ರಾಯಶ್ಚಿತ್ತವಿರಬೇಕು ಎಂದುಕೊಂಡು ಹೋಗಿ ಹಾಕಿಬಂದೆ.

ಅಂದಿನಿಂದ ಆ ದೇಶದ ಹೊಣೆಯೆಲ್ಲ ನನ್ನ ತಲೆಯ ಮೇಲಿದೆ. ಅಮೆರಿಕದ ಅಧ್ಯಕ್ಷರು ಏನೇ ಮಾಡಲಿ, ನನ್ನನ್ನು ಕೇಳಿ ಮಾಡಿದ್ದಲ್ಲ ಎಂದು ನಿಶ್ಚಿಂತೆಯಿಂದ ಇಡ್ಲಿ ತಿನ್ನುತ್ತೇನೆ. ಆದರೆ ಬ್ರಿಟನ್ನಿನ ಪ್ರಧಾನಿಗೆ ಕಷ್ಟ ಬಂದರೆ ನನಗೆ ಊಟ ಸೇರುವುದಿಲ್ಲ. ಅವರೋ ಒಬ್ಬರಾದ ಮೇಲೊಬ್ಬರು ಬಂದರು, ಹೋದರು. ಒಬ್ಬರಂತೂ ನಾವು ಊರಿಂದ ತಂದ ಚಟ್ನಿಪುಡಿ ಮುಗಿಯುವ ಮೊದಲೇ ಕುರ್ಚಿ ಬಿಟ್ಟರು.

ಹೀಗೊಂದು ಬೆಳಿಗ್ಗೆ ಫೋನು ನೋಡುತ್ತಾ, "ಅಯ್ಯೋ, ನಮ್ಮ ಸರ್ಕಾರ ಬಿತ್ತು!" ಎಂದುಬಿಟ್ಟೆ.

"ವಿಚ್ ಒನ್, ಅಪ್ಪಾ?" ಎಂದಳು ಮಗಳು, ಸೀರಿಯಲ್ ಬಟ್ಟಲಿನಿಂದ ತಲೆ ಎತ್ತದೆ. ಹೆಂಡತಿ ಸುಮಾ, "ಬೆಂಗಳೂರಿಂದಾ? ಡೆಲ್ಲೀದಾ?" ಎಂದಳು.

"ಬ್ರಿಟನ್ನಿಂದು ಕಣೆ."

ಸೋಫಾದ ಮೇಲೆ ಕಾಫಿ ಕುಡಿಯುತ್ತಿದ್ದ ನಮ್ಮ ಮಾವನವರು ಲೋಟ ಕೆಳಗಿಟ್ಟರು. ಅವರು ಹಾಸನದ ನಿವೃತ್ತ ಮೇಷ್ಟ್ರು, ಮಗಳ ಮನೆಯಲ್ಲಿ ಆರು ತಿಂಗಳಿರಲು ಬಂದವರು. ಅವರ ತಂದೆ ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋಗಿದ್ದವರು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಬಾಯಿ ಜಾರಿತ್ತು, ಅಷ್ಟೆ.

"ಅಳಿಯಂದ್ರೆ, ಬ್ರಿಟಿಷ್ ಸರ್ಕಾರ ಯಾವತ್ತಿಂದ ನಿಮ್ಮದಾಯ್ತು?"

"ಬೆಂಗಳೂರಿನ ಅಳಿಯ ಅಲ್ಲಿ ಪ್ರಧಾನಿಯಾದಾಗ ನೀವೇ ನಮ್ಮವರು ಅಂತ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದ್ರಲ್ಲ, ಮಾವ?"

"ಅದು ಸಂಬಂಧ. ಇದು ಸರ್ಕಾರ. ಎರಡೂ ಬೇರೆ ಬೇರೆ."

ಅಲ್ಲಿಗೆ ಮಾತು ನಿಂತಿತು. ನಾಲ್ಕು ದಿನವಾದರೂ ಶುರುವಾಗಲಿಲ್ಲ. ನಾನು ಹಾಲ್‌ಗೆ ಬಂದರೆ ಅವರು ಕಿಟಕಿಯ ಕಡೆ ತಿರುಗಿ, ಪಾರ್ಕಿಂಗಿನಲ್ಲಿ ನಿಂತ ಕಾರುಗಳನ್ನು ನೋಡುತ್ತಿದ್ದರು. ಐದನೆಯ ದಿನ ಸುಮಾಳನ್ನು ಕರೆದು, "ಟಿಕೆಟ್ಟು ಪ್ರೀಪೋನ್ ಮಾಡ್ಸಮ್ಮ, ಊರಿಗೆ ಹೋಗ್ತೀನಿ" ಎಂದರು. ಸುಮಾ ಕಣ್ಣೊರೆಸಿಕೊಳ್ಳುತ್ತಾ ಬಂದು, "ರೀ, ನಿಮ್ಮ ಬ್ರಿಟನ್ನಿಗೆ ಬೆಂಕಿ ಬೀಳ! ಎರಡು ವರ್ಷ ಕರೆದ ಮೇಲೆ ಬಂದಿದಾರೆ ನಮ್ಮಪ್ಪ. ಹೋಗಿ ಮಾತಾಡಿ" ಎಂದಳು. ಅವರು ಹೋಗುವುದು ನನಗೂ ಬೇಕಿರಲಿಲ್ಲ. ನನ್ನ ಹಾಸ್ಯಕ್ಕೆ ಈ ಮನೆಯಲ್ಲಿ ನಗುತ್ತಿದ್ದವರು ಅವರೊಬ್ಬರೇ.

ಹೋಗಿ ಎದುರಿಗೆ ಕೂತೆ. "ಮಾವ, ನನ್ನ ಜೀವನದ ಒಂದೇ ಒಂದು ಓಟು ಅಲ್ಲಿ ಹಾಕಿದ್ದು. ಅದಕ್ಕೇ ನಮ್ಮದು ಅಂದೆ. ನಮ್ಮನ್ನ ಅವರು ಇನ್ನೂರು ವರ್ಷ ಆಳಿದ್ರು, ನಾನು ಅವರನ್ನ ಐದು ನಿಮಿಷ ಆಳಿದೆ ಅಂದ್ಕೊಳಿ."

ಅವರ ತುಟಿಯ ಕೊನೆ ಸ್ವಲ್ಪ ಅಲುಗಿತು. "ಅಲ್ಲಿ ಓಟು ಹೆಂಗೆ ಹಾಕ್ತಾರೆ? ಸೀಲೋ, ಬಟನ್ನೋ?"

"ಒಂದು ಪೆನ್ಸಿಲ್ಲನ್ನ ದಾರಕ್ಕೆ ಕಟ್ಟಿರ್ತಾರೆ. ಅದರಲ್ಲಿ ಇಂಟು ಮಾರ್ಕು ಹಾಕೋದು."

"ಯಾರ ಮುಂದೆ?"

"ಬೇಡದೋರ ಮುಂದೆ. ಆರು ಜನ ಇದ್ರು. ಐದು ಜನಕ್ಕೆ ಇಂಟು ಹಾಕಿ, ಬೇಕಾದವರ ಮುಂದಿನ ಚೌಕ ಖಾಲಿ ಬಿಟ್ಟೆ."

ಮೂವತ್ತಾರು ವರ್ಷ ಮಕ್ಕಳ ಉತ್ತರಪತ್ರಿಕೆಗಳಿಗೆ ಇಂಟು ಹಾಕಿದ ಮಾವನವರಿಗೆ ಇದು ಸರಿಯಾಗಿಯೇ ಕಂಡಿತು. ಆದರೆ ನನ್ನ ಮಗಳು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಬೇಕಾದ ಒಬ್ಬರ ಮುಂದೆ ಮಾತ್ರ ಇಂಟು ಹಾಕಬೇಕು ಎಂದು ಚೀಟಿಯ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರಂತೆ. ಸೂಚನೆ ಓದುವ ಅಭ್ಯಾಸ ನನಗೆ ಶಾಲೆಯಲ್ಲೂ ಇರಲಿಲ್ಲ. "ಅಪ್ಪಾ, ಯುವರ್ ವೋಟ್ ಡಿಡ್ ನಾಟ್ ಕೌಂಟ್" ಎಂದಳು. ಇಷ್ಟು ವರ್ಷ ನಾನು ಯಾವ ಸರ್ಕಾರಕ್ಕಾಗಿ ಊಟ ಬಿಟ್ಟೆನೋ, ಅದಕ್ಕೂ ನನಗೂ ಸಂಬಂಧವೇ ಇರಲಿಲ್ಲ.

ಮಾವನವರು ಮಾತ್ರ ತೊಡೆ ತಟ್ಟಿಕೊಂಡು ನಕ್ಕರು. "ಐದು ಜನ ಇಂಗ್ಲಿಷರಿಗೆ ಅವರ ದೇಶದಲ್ಲೇ, ಅವರ ಪೆನ್ಸಿಲ್ಲಲ್ಲೇ ಇಂಟು! ನಮ್ಮಪ್ಪನ ಕೈಲೂ ಆಗಲಿಲ್ಲ ಕಣ್ರೀ ಇದು!" ಟಿಕೆಟ್ಟಿನ ಸುದ್ದಿ ಅಲ್ಲಿಗೇ ನಿಂತಿತು. ಶನಿವಾರ ದೇವಸ್ಥಾನದಲ್ಲಿ ಪ್ರಸಾದಕ್ಕೆ ನಿಂತ ಹಿರಿಯರಿಗೆಲ್ಲ ನನ್ನನ್ನು ಸ್ವಾತಂತ್ರ್ಯ ಹೋರಾಟಗಾರನೆಂದು ಪರಿಚಯಿಸಿದರು. ನಾನು ಕೈಮುಗಿದು, ಬಾಯಿ ತುಂಬ ಪುಳಿಯೋಗರೆ ಇಟ್ಟುಕೊಂಡೆ.

ಈಗ ನನ್ನ ಅಮೆರಿಕದ ಪೌರತ್ವದ ಅರ್ಜಿ ಊಟದ ಮೇಜಿನ ಮೇಲಿದೆ, ಪುಟದ ತುಂಬ ಗುರುತು ಹಾಕಬೇಕಾದ ಚಿಕ್ಕ ಚಿಕ್ಕ ಚೌಕಗಳು. ಸುಮಾ ಪೆನ್ನನ್ನು ತನ್ನ ಬ್ಯಾಗಿನಲ್ಲಿಟ್ಟು ಜಿಪ್ಪು ಎಳೆದಿದ್ದಾಳೆ. "ಎಲ್ಲ ನಾನೇ ತುಂಬ್ತೀನಿ. ಸಹಿ ಮಾಡೋವಾಗ ಕರೀತೀನಿ, ಅಲ್ಲೀವರೆಗೆ ನೀವು ಈ ಕಡೆ ತಲೆ ಹಾಕ್ಬೇಡಿ" ಎಂದಿದ್ದಾಳೆ.