ರೊಟ್ಟಿ ಹೆಂಚಿನ ಮೇಲೆ ಲಾರಿ ಎಣ್ಣೆ

ಆಗ ನನಗೆ ಮೂವತ್ತು. ಇದೆಲ್ಲ ನಡೆದು ನಲವತ್ತು ವರ್ಷದ ಮೇಲಾಯಿತು. ಗಂಡಸರಿಗೆ ತಾವು ಓಡಿಸುವ ಗಾಡಿಯ ಒಳಗೇನಿದೆ ಎಂದು ಗೊತ್ತಿರುವುದಿಲ್ಲ, ಹೊರಗೆ ಹೊಳೆದರೆ ಸಾಕು. ಹೆಂಗಸರಿಗೂ ಗೊತ್ತಿರುವುದಿಲ್ಲ, ಆದರೆ ಓಡಿಸುವವರು ನಾವಲ್ಲವಲ್ಲ, ಧೈರ್ಯವಾಗಿ ಮಾತಾಡುತ್ತೇವೆ. ನಾನು ಓದಿದ್ದು ಎರಡನೇ ಕ್ಲಾಸು. ಈಗಲೂ ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಬಾಯಿಗೆ ಮಾತ್ರ ಯಾವ ಕ್ಲಾಸೂ ಬೇಕಾಗಲಿಲ್ಲ.

ನಮ್ಮ ಯಜಮಾನರು ಊರಿನಲ್ಲಿ ಎತ್ತು ಕಟ್ಟಿದ್ದವರು, ಮೈಸೂರಿಗೆ ಬಂದು ಲಾರಿ ಇಟ್ಟರು. ಬುದ್ಧಿ ಎತ್ತಿನ ಹತ್ತಿರವೇ ಉಳಿಯಿತು. ಲಾರಿ ನಿಲ್ಲಿಸಿ ಇಳಿದರೆ ಅದರ ಮೂತಿ ತಟ್ಟುತ್ತಿದ್ದರು. ನನ್ನ ಬೆನ್ನು ತಟ್ಟಿದ್ದು ನನಗೆ ನೆನಪಿಲ್ಲ. ಆ ವರ್ಷ ಆಯುಧಪೂಜೆಗೆ ಮುಂಚೆ ಮಂಡಿ ಮೊಹಲ್ಲಾದ ಮೆಕ್ಯಾನಿಕ್ ಅಂತೋಣಪ್ಪನ ಹತ್ತಿರ ಎಣ್ಣೆ ಬದಲಾಯಿಸಿದರು. ಇಂಜಿನ್ನಿನ ಎಣ್ಣೆಯಲ್ಲ. ಹಿಂದಿನ ಚಕ್ರಗಳ ನಡುವೆ ಗಡಿಗೆಯಂಥ ಕಬ್ಬಿಣದ ಹೊಟ್ಟೆ ಇರುತ್ತದೆ, ಅದರೊಳಗೆ ಹಲ್ಲುಚಕ್ರಗಳು ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಅದಕ್ಕೆ ಡಿಫರೆನ್ಷಿಯಲ್ ಅನ್ನುತ್ತಾರೆ. ನಾನು ಹೊಟ್ಟೆ ಎಂದೇ ಅನ್ನುವುದು.

ಹಬ್ಬದ ಮಾರನೇ ಸಂಜೆ. ಬೆಳಗಾದರೆ ಊಟಿಗೆ ಹೋಗಿ, ಆಲೂಗಡ್ಡೆ ತುಂಬಿಕೊಂಡು ಘಾಟಿ ಇಳಿಯಬೇಕು. ಹೊರಡುವ ಮುಂಚೆ ನೋಡೋಣವೆಂದು ಯಜಮಾನರು ಹೊಟ್ಟೆಯ ತಿರುಪು ಬಿಚ್ಚಿ ಬೆರಳು ಹಾಕಿದರು. ಹಾಕಿಸಿದ್ದು ಜೇನಿನ ಬಣ್ಣದ ಎಣ್ಣೆ, ಬೆರಳಿಗೆ ಬಂದದ್ದು ಹಾಲು ಜಾಸ್ತಿಯಾದ ಕಾಫಿ. ಅಂತೋಣಪ್ಪನಿಗೆ ಹೇಳಿಕಳಿಸಿದೆವು. ಉಳಿದ ಎಣ್ಣೆಯ ಡಬ್ಬವನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಬಂದ.

"ಹಳೇ ಎಣ್ಣೆ ಸೋಸಿ ಹಾಕ್ಬುಟ್ಟಿದ್ದೀಯ ಕಣೋ!" ಎಂದು ಯಜಮಾನರು ಸ್ಪ್ಯಾನರ್ ಎತ್ತಿದರು.

"ಮಾತೆ ಮೇಲಾಣೆ ಗೌಡ್ರೇ, ಹೊಸಾ ಡಬ್ಬ. ನಿಮ್ ಮುಂದೇನೇ ಒಡೆದೆ."

"ಮತ್ತೆ ಇದೇನು, ನಿಮ್ಮನೆ ಕಾಫಿನಾ?"

"ನಮ್ಮನೆ ಕಾಫೀಲಿ ಇಷ್ಟು ಹಾಲಿರಲ್ಲ ಬುಡಿ."

ನನಗೆ ನಗು ಬರಲಿಲ್ಲ. ಎಣ್ಣೆ ಹಾಗೆ ಬೆಳ್ಳಗಾಗುವುದು ನೀರು ಸೇರಿದರೆ. "ನೀರು ಸೇರಿದ್ರೆ ಏನಾಗುತ್ತೆ ಅಂತೋಣಪ್ಪ?" ಎಂದೆ.

ಅವನು ದನಿ ಇಳಿಸಿದ. "ಹಲ್ಲಿಗೆ ಎಣ್ಣೆ ಹತ್ತಲ್ಲ ಅಕ್ಕಾವ್ರೇ. ಘಾಟೀಲಿ ಕಚ್ಕೊಂಡ್ರೆ ಹಿಂದಿನ ಚಕ್ರ ನಿಂತೋಯ್ತದೆ. ಲಾರಿ ಅಡ್ಡ ತಿರುಗ್ತದೆ. ಆಮೇಲೆ..." ಆಮೇಲಿನದನ್ನು ಬಾಯಲ್ಲಿ ಹೇಳದೆ ಅಂಗೈ ಮಗುಚಿ ತೋರಿಸಿದ.

"ಏನೂ ಆಗಲ್ಲ, ಹೊಸ ಎಣ್ಣೆ ಮೊದಮೊದ್ಲು ಇಂಗೇ. ಬೆಳಗ್ಗೆ ಹೊರಟೇ ಹೊರಡ್ತೀನಿ" ಎಂದರು ಯಜಮಾನರು. ಅವರು ಹಾಗೆಂದರೆ ಮುಗಿಯಿತು, ದೇವರು ಬಂದು ಅಡ್ಡ ಮಲಗಿದರೂ ಹಾರ್ನ್ ಹೊಡೆಯುವವರು. ನನ್ನ ಕಣ್ಣಿಗೆ ಮಾತ್ರ ಆ ಮಗುಚಿದ ಅಂಗೈಯೇ ಕಟ್ಟಿತ್ತು.

ಒಳಗೆ ಹೋಗಿ ರೊಟ್ಟಿ ಹೆಂಚನ್ನು ಒಲೆಯ ಮೇಲಿಟ್ಟು ಇಬ್ಬರನ್ನೂ ಕರೆದೆ. ದಿನಾ ಒಗ್ಗರಣೆ ಹಾಕುವವಳಿಗೆ ಎಣ್ಣೆಯಲ್ಲಿ ನೀರಿದ್ದರೆ ಕಿವಿಯೇ ಹೇಳುತ್ತದೆ. ಮೊದಲು ಅಂತೋಣಪ್ಪನ ಡಬ್ಬದಿಂದ ಒಂದು ತೊಟ್ಟು. ಹೊಗೆ ಬಂತು, ಕೊಳೆತ ಮೊಟ್ಟೆಯ ನಾತ ಬಂತು, ಸದ್ದು ಬರಲಿಲ್ಲ. ಅಂತೋಣಪ್ಪ ಶಿಲುಬೆ ಗುರುತು ಹಾಕಿಕೊಂಡ. ಆಮೇಲೆ ಲಾರಿಯದು. ಚಟಚಟನೆ ಸಿಡಿದು ಯಜಮಾನರ ಮೀಸೆಗೇ ಹಾರಿತು. ಅವರು ಸ್ಪ್ಯಾನರ್ ಕೆಳಗಿಟ್ಟರು.

"ಹಬ್ಬಕ್ಕೆ ಲಾರಿ ಎಲ್ಲಿ ತೊಳೆದ್ರಿ ಗೌಡ್ರೇ?"

"ಹೆಬ್ಬಾಳದ ಕೆರೇಲಿ."

"ಲೋಡ್ ಇಳಿಸಿ ಬಂದೋರು ಅಂಗೇ ಇಳಿಸಿದ್ರಾ?"

"ಮತ್ತೆ? ನೊಗ ಇಳಿಸಿದ್ಮೇಲೆ ಎತ್ತಿನ ಮೈ ತೊಳೀಬೇಡ್ವಾ?"

ಅಂತೋಣಪ್ಪ ತಲೆ ಚಚ್ಚಿಕೊಂಡ. "ಎತ್ತು ಬಾಯಲ್ಲಿ ಕುಡೀತದೆ, ಇದು ನೆತ್ತೀಲಿ ಕುಡೀತದೆ. ಕಾದ ಹೊಟ್ಟೆ ತಣ್ಣೀರಲ್ಲಿ ಮುಳುಗಿದ್ರೆ, ಮೇಲೆ ಉಸಿರಾಡೋಕೆ ಅಂತ ಇರೋ ತೂತಲ್ಲೇ ನೀರು ಎಳ್ಕೊಳ್ತದೆ. ಅಷ್ಟು ಆಳಕ್ಕೆ ಯಾಕ್ರೀ ಇಳಿಸಿದ್ರಿ?"

ಯಜಮಾನರು ನನ್ನ ಮುಖ ನೋಡಿದರು. ಎಣ್ಣೆ ಸಿಡಿದ ಮೀಸೆ ಒರೆಸಿಕೊಂಡರು. ಕೆರೆ ಏರಿಯ ಮೇಲೆ ನಿಂತು, "ಹಿಂದಲ ಕೆಸರು ಹೋಗಿಲ್ಲ, ಇನ್ನೂ ಒಳಕ್ಕೆ ಇಳಿಸಿ ಕಣ್ರೀ" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದವಳು ಯಾರು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಹೆಂಚು ಇಳಿಸುವ ನೆಪದಲ್ಲಿ ಒಲೆಯ ಕಡೆ ತಿರುಗಿದೆ.

ಊಟಿ ಒಂದು ದಿನ ಮುಂದಕ್ಕೆ ಹೋಯಿತು. ಅಂತೋಣಪ್ಪ ಹೊಟ್ಟೆ ಬರಿದು ಮಾಡಿ, ತೊಳೆದು, ಮತ್ತೆ ಹೊಸ ಎಣ್ಣೆ ತುಂಬುವುದೆಂದಾಯಿತು.

ಮಾರನೇ ಬೆಳಗ್ಗೆ ಹೆಂಚನ್ನು ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆದು ರೊಟ್ಟಿ ತಟ್ಟಿದೆ. ಆದರೂ ಮೊದಲನೆಯದು ಕೊಳೆತ ಮೊಟ್ಟೆಯ ನಾತ ಹೊಡೆಯಿತು. ಯಜಮಾನರು ತಟ್ಟೆ ಮುಂದೆ ಮಾಡಿದರು. ಹಾಕಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಅದನ್ನು ನಾನೇ ತಿಂದೆ.